ಮಂಪರು ಮದ್ದಿನ ಹಾಳೆ ಮೊದಲೇ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಜಿಲ್ಲಾ ಪುಟದಲ್ಲಿ ಕಾಡಾನೆ ಸೆರೆ ಹಿಡಿದ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿ ಕೇಳುತ್ತಾರೆ: "ಸಿಸ್ಟರ್, ಆನೆಗೆ ಹೊಡೆಯೋ ಅರಿವಳಿಕೆನೇ ಆಸ್ಪತ್ರೆಲಿ ನಮಗೂ ಕೊಡೋದಾ?" ನಾನು ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ನರ್ಸ್. ಸುಂಟಿಕೊಪ್ಪದ ಆಸುಪಾಸಿನವರು ಮಡಿಕೇರಿಗೋ ಮೈಸೂರಿಗೋ ಮಂಗಳೂರಿಗೋ ದೊಡ್ಡ ಪರೀಕ್ಷೆಗೆಂದು ಹೊರಡುವ ಮೊದಲು ಚೀಟಿ ಹಿಡಿದುಕೊಂಡು ನಮ್ಮ ಮನೆಗೊಮ್ಮೆ ಬಂದು ಹೋಗುವುದು ವಾಡಿಕೆ. ಆ ಚೀಟಿಯಲ್ಲಿ 'ಅಂಡರ್ ಸೆಡೇಷನ್', ಅಂದರೆ ಮಂಪರು ಮದ್ದು ಕೊಟ್ಟು ಮಾಡುವ ಪರೀಕ್ಷೆ, ಎಂದು ಬರೆದಿದ್ದರೆ ಅವರಿಗೆ ಭಯ. ಅವರಿಗೆ ಏನನ್ನೂ ಹೇಳದೆ ಕಳಿಸಿರುತ್ತಾರಲ್ಲ, ನನಗೆ ಕೋಪ ಬರುವುದು ಅದಕ್ಕೆ. ಈ ಪತ್ರ ಅದರ ಬಗ್ಗೆ.

ಮೊದಲು ಆನೆಯ ಪ್ರಶ್ನೆಯನ್ನೇ ಮುಗಿಸಿಬಿಡುತ್ತೇನೆ. ಕಾಡಾನೆಗೆ ನಮ್ಮ ಕಡೆ ಹೆಚ್ಚಾಗಿ ಕೊಡುವುದು ಕ್ಸೈಲಜಿನ್, ಕೆಲವೊಮ್ಮೆ ಅದರ ಜೊತೆಗೆ ಕೆಟಮಿನ್. ಕ್ಸೈಲಜಿನ್ ಪ್ರಾಣಿಗಳ ಮದ್ದು, ಮನುಷ್ಯರಿಗಲ್ಲ. ಕೆಟಮಿನ್ ಮಾತ್ರ ಮನುಷ್ಯರಿಗೂ ಉಂಟು, 1970ರಿಂದಲೂ ಬಳಕೆಯಲ್ಲಿದೆ. ಆದರೆ ವ್ಯತ್ಯಾಸ ಇರುವುದು ಮದ್ದಿನಲ್ಲಷ್ಟೇ ಅಲ್ಲ, ಕೊಡುವ ರೀತಿಯಲ್ಲಿ. ಪಶುವೈದ್ಯರು ದೂರದಲ್ಲಿ ನಿಂತು ಆನೆಯ ತೂಕವನ್ನು ಕಣ್ಣಂದಾಜಿನಲ್ಲಿ ಲೆಕ್ಕ ಹಾಕಬೇಕು, ಇಡೀ ಡೋಸನ್ನು ಒಂದೇ ಏಟಿಗೆ ಹೊಡೆಯಬೇಕು. ಹೋದದ್ದನ್ನು ವಾಪಸ್ ತೆಗೆಯುವ ಹಾಗಿಲ್ಲ, ಕೊನೆಗೆ ಕಿವಿಯ ರಕ್ತನಾಳಕ್ಕೆ ಯೊಹಿಂಬಿನ್ ಕೊಟ್ಟು ಎಚ್ಚರಿಸುವುದೊಂದೇ ದಾರಿ. ಡಾರ್ಟ್ (ದೂರದಿಂದ ಹೊಡೆಯುವ ಮದ್ದಿನ ಸೂಜಿ) ಬಿದ್ದ ಆನೆ ನಿಂತಲ್ಲೇ ತೂಕಡಿಸಿದರೆ ಒಳ್ಳೆಯದು. ಎದೆ ನೆಲಕ್ಕೆ ತಾಗುವ ಹಾಗೆ ಕುಸಿದರೆ ಅಪಾಯ. ಆನೆಯ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡೇ ಇರುವುದರಿಂದ ಆ ಭಂಗಿಯಲ್ಲಿ ಅದು ಸರಿಯಾಗಿ ಉಸಿರೆಳೆಯಲಾರದು. ದುಬಾರೆ, ಮತ್ತಿಗೋಡು ಶಿಬಿರಗಳ ಮಾವುತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮದ್ದು ಹೊಡೆದಾದ ಮೇಲೆ ಅವರ ಕಣ್ಣೆಲ್ಲ ಆನೆಯ ಮೇಲೆಯೇ.

ಮನುಷ್ಯರಿಗೆ ಕೊಡುವಾಗ ಕೈಗೆ ಸೂಜಿ ಹಾಕಿ ರಕ್ತನಾಳದೊಳಗೆ ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಮಿಡಜೋಲಮ್ ಎಂಬ ಮಂಪರು ಮದ್ದು ಕೊಟ್ಟರೆ ಎರಡು ಮೂರು ನಿಮಿಷ ಕಾಯಬೇಕು. ಸಾಲದಿದ್ದರೆ ಇನ್ನಷ್ಟು. ವಯಸ್ಸಾದವರಲ್ಲಿ ಮದ್ದು ನಿಧಾನಕ್ಕೆ ಹತ್ತುತ್ತದೆ, ಹತ್ತಿದ ಮೇಲೆ ಜೋರಾಗಿ ಹತ್ತುತ್ತದೆ. ಅಲ್ಲಿ ಅವಸರ ಮಾಡುವ ಕೈ ಒಳ್ಳೆಯ ಕೈಯಲ್ಲ.

ಸೆಡೇಷನ್ ಎಂದರೆ ಪೂರ್ತಿ ಪ್ರಜ್ಞೆ ತಪ್ಪಿಸುವುದು ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಕ್ಯಾಮೆರಾದ ಕೊಳವೆ (ಸ್ಕೋಪ್) ಇಳಿಸಿ ನೋಡುವ ಹೊಟ್ಟೆಯ ಎಂಡೋಸ್ಕೋಪಿಗೆ, ಕರುಳಿನ ಕೊಲೊನೋಸ್ಕೋಪಿಗೆ ಸಾಮಾನ್ಯವಾಗಿ ಕೊಡುವ ಮಂಪರಿನಲ್ಲಿ ಹೆಸರು ಹಿಡಿದು ಕರೆದರೆ, ಭುಜ ಮೆಲ್ಲಗೆ ತಟ್ಟಿದರೆ ನೀವು ಓಗೊಡುತ್ತೀರಿ. ಉಸಿರನ್ನು ನೀವೇ ಎಳೆದುಕೊಳ್ಳುತ್ತೀರಿ. ಅದಕ್ಕಿಂತ ಹಗುರವಾದದ್ದೂ ಉಂಟು, ಗಾಬರಿ ಇಳಿಯುವಷ್ಟು ಮಾತ್ರ. ಅದಕ್ಕಿಂತ ಆಳವಾದದ್ದರಲ್ಲಿ ಮತ್ತೆ ಮತ್ತೆ ಕರೆದರೆ, ನೋವಾಗುವ ಹಾಗೆ ಮುಟ್ಟಿದರೆ ಮಾತ್ರ ಎಚ್ಚರ, ಉಸಿರಿಗೂ ಕೆಲವೊಮ್ಮೆ ಸಹಾಯ ಬೇಕಾಗುತ್ತದೆ. ಅದನ್ನೂ ದಾಟಿದರೆ ಆಪರೇಷನ್ನಿಗೆ ಕೊಡುವ ಪೂರ್ಣ ಅರಿವಳಿಕೆ. ಪುಸ್ತಕದಲ್ಲಿ ಇವು ನಾಲ್ಕು ಬೇರೆ ಬೇರೆ ಹಂತ. ಮೈಯೊಳಗೆ ಅವುಗಳ ಮಧ್ಯೆ ಗೋಡೆ ಇಲ್ಲ. ಸಂಪಾಜೆ ಘಾಟಿಯಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟ ಜೀಪು ನಾವು ಅಂದುಕೊಂಡ ತಿರುವಿನಲ್ಲೇ ನಿಲ್ಲುತ್ತದೆಯೇ? ಒಬ್ಬರಿಗೆ ಕಣ್ಣು ಭಾರವಾಗುವಷ್ಟು ಮಾತ್ರ ಮಾಡುವ ಡೋಸ್ ಇನ್ನೊಬ್ಬರನ್ನು ಆಳಕ್ಕೆ ತಳ್ಳಬಹುದು. ಆಳಕ್ಕೆ ಹೋದವರ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚಿಕೊಳ್ಳುತ್ತದೆ, ಇಲ್ಲವೇ ಉಸಿರಾಡಬೇಕೆಂಬ ನೆನಪೇ ಮೆದುಳಿಗೆ ಇರುವುದಿಲ್ಲ.

ಆದ್ದರಿಂದಲೇ ನಾನು ಯಾರಿಗಾದರೂ ಒಂದೇ ಒಂದು ಪ್ರಶ್ನೆ ಕಲಿಸಿ ಕಳಿಸಬೇಕೆಂದರೆ ಇದನ್ನು ಕಲಿಸುತ್ತೇನೆ: "ಮದ್ದು ಕೊಟ್ಟ ಮೇಲೆ ನನ್ನ ಉಸಿರು ನೋಡಿಕೊಳ್ಳುವವರು ಯಾರು?" ಸ್ಕೋಪ್ ಹಿಡಿದ ಡಾಕ್ಟರ ಕಣ್ಣು ಪರದೆಯ ಮೇಲಿರುತ್ತದೆ, ಅದು ಅಲ್ಲೇ ಇರಬೇಕು. ಪಕ್ಕದಲ್ಲಿ ಇನ್ನೊಬ್ಬರು, ಬೇರೆ ಕೆಲಸವಿಲ್ಲದವರು, ರೋಗಿಯ ಎದೆ ಏಳುವುದನ್ನು ನೋಡುತ್ತಾ ನಿಲ್ಲಬೇಕು. ಕೋವಿಡ್ ಕಾಲದಿಂದ ಬೆರಳಿಗೆ ಹಾಕುವ ಆಕ್ಸಿಮೀಟರ್ ಎಲ್ಲರಿಗೂ ಪರಿಚಯ. 1974ರಲ್ಲಿ ಜಪಾನಿನ ತಕುವೊ ಅವೊಯಾಗಿ ಅದರ ಹಿಂದಿನ ಸೂತ್ರವನ್ನು ಜಗತ್ತಿಗೆ ಕೊಟ್ಟರು. ನಮ್ಮಂಥವರು ಅವರಿಗೆ ಕೈ ಮುಗಿಯಬೇಕು. ಆದರೆ ಅದನ್ನೊಂದನ್ನೇ ನಂಬಿ ಕೂರುವಂತಿಲ್ಲ. ಮೂಗಿಗೆ ಆಕ್ಸಿಜನ್ ಪೈಪ್ ಹಾಕಿದ್ದಾಗ ರೋಗಿಯ ಉಸಿರು ನಿಂತರೂ ಸ್ವಲ್ಪ ಹೊತ್ತು ಪರದೆಯ ಮೇಲೆ 98, 99 ಎಂದೇ ತೋರಿಸುತ್ತಿರುತ್ತದೆ. ಅಂಕಿ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಹೊರಗೆ ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಇದ್ದರೆ ಉಸಿರು ತಪ್ಪಿದ್ದು ಕೂಡಲೇ ಗೊತ್ತಾಗುತ್ತದೆ. ಆ ಯಂತ್ರ ಎಲ್ಲ ಕಡೆ ಇಲ್ಲ. ಇಲ್ಲದ ಕಡೆ ಕಣ್ಣೇ ಯಂತ್ರ.

ಈ ಮದ್ದುಗಳಿಗೆ ಮರುಮದ್ದು ಇದೆಯಾ ಎಂದೂ ಕೇಳುತ್ತಾರೆ. ಕೆಲವಕ್ಕೆ ಇದೆ. ಮಿಡಜೋಲಮ್ ಹೆಚ್ಚಾದರೆ ಫ್ಲೂಮಜೆನಿಲ್, ನೋವಿಗೆ ಕೊಡುವ ಫೆಂಟನಿಲ್ ಹೆಚ್ಚಾದರೆ ನಲಾಕ್ಸೋನ್. ಹಾಲಿನ ಹಾಗೆ ಬೆಳ್ಳಗಿರುವ ಪ್ರೊಪೊಫಾಲ್‌ಗೆ ಇಲ್ಲ. ಅದನ್ನು ನಿಲ್ಲಿಸಿದರೆ ಬೇಗ ಇಳಿಯುತ್ತದೆ ಎಂಬುದೇ ಸಮಾಧಾನ, ಇಳಿಯುವ ತನಕ ಉಸಿರು ಕೊಡಲು ಬಲ್ಲವರು ಪಕ್ಕದಲ್ಲಿರಬೇಕು ಎಂಬುದು ಷರತ್ತು. 2009ರಲ್ಲಿ ಮೈಕೆಲ್ ಜಾಕ್ಸನ್ ಸತ್ತದ್ದು ಇದೇ ಮದ್ದಿನಿಂದ. ನಿದ್ದೆ ಬರುವುದಿಲ್ಲವೆಂದು ಮನೆಯ ಮಲಗುವ ಕೋಣೆಯಲ್ಲಿ ಕೊಡಿಸಿಕೊಂಡದ್ದು. ಕೊಟ್ಟ ವೈದ್ಯನಿಗೆ 2011ರಲ್ಲಿ ಶಿಕ್ಷೆಯಾಯಿತು. ಮದ್ದು ಕೆಟ್ಟದ್ದೆಂದು ಇದರಿಂದ ತಿಳಿಯಬೇಡಿ. ಥಿಯೇಟರಿನಲ್ಲಿ ದಿನವೂ ಅದನ್ನು ಕೊಡುತ್ತಾರೆ, ಜನ ಎದ್ದು ನಡೆದುಕೊಂಡು ಮನೆಗೆ ಹೋಗುತ್ತಾರೆ. ಜಾಕ್ಸನ್ ಮನೆಯಲ್ಲಿ ಇರದಿದ್ದದ್ದು ಸರಿಯಾದ ಕಾವಲು.

ಇಷ್ಟು ಆಸ್ಪತ್ರೆಯವರ ಪಾಲಿನದು. ನಮ್ಮ ಪಾಲಿನದು ನಿಜ ಹೇಳುವುದು. ಇಲ್ಲಿ ಕೊಡಗಿನವರಿಗೆ ನಾನು ಸ್ವಲ್ಪ ನೇರವಾಗಿಯೇ ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬಾರದು. ಪುತ್ತರಿಗೆ, ಕೈಲ್‌ಪೊಳ್ದ್‌ಗೆ, ಮದುವೆಗೆ ಗ್ಲಾಸು ಹಿಡಿಯುವುದನ್ನು ನಾವು ಮುಚ್ಚಿಡುವವರಲ್ಲ. ಆದರೆ ಬಿಳಿ ಕೋಟಿನವರು "ಕುಡಿಯುತ್ತೀರಾ?" ಎಂದು ಕೇಳಿದಾಗ, ಪಕ್ಕದಲ್ಲಿ ಹೆಂಡತಿಯೋ ಸೊಸೆಯೋ ನಿಂತಿರುವಾಗ, "ಯಾವಾಗಲಾದರೂ ಒಮ್ಮೆ" ಎಂಬ ಉತ್ತರ ಬರುತ್ತದೆ. ದಿನಾ ಸಂಜೆ ತೆಗೆದುಕೊಳ್ಳುವವರ ಮೆದುಳು ಮಿಡಜೋಲಮ್‌ನಂಥ ಮದ್ದಿಗೆ ಮೊದಲೇ ಒಗ್ಗಿಹೋಗಿರುತ್ತದೆ, ಎರಡೂ ಮೆದುಳಿನ ಒಂದೇ ಜಾಗದಲ್ಲಿ ಕೆಲಸ ಮಾಡುವವು. ಸಾಮಾನ್ಯ ಡೋಸಿಗೆ ಅವರು ಮಲಗುವುದಿಲ್ಲ, ಕೆಲವರು ಕೆರಳಿ ಸ್ಕೋಪ್ ಕಿತ್ತೆಸೆಯಲು ನೋಡುತ್ತಾರೆ. ಡಾಕ್ಟರಿಗೆ ಕಾರಣ ಗೊತ್ತಿರುವುದಿಲ್ಲ, ಮದ್ದು ಏರಿಸುತ್ತಾ ಹೋಗುತ್ತಾರೆ. ಹಿಂದಿನ ರಾತ್ರಿಯದು ಇನ್ನೂ ಮೈಯಲ್ಲಿದ್ದರೆ ಪೂರಾ ತಿರುಗುಮುರುಗು, ಸ್ವಲ್ಪಕ್ಕೇ ಉಸಿರು ಕೆಳಗಿಳಿಯುತ್ತದೆ. ಅಡ್ಮಿಟ್ ಆದವರದು ಇನ್ನೊಂದು ಕಥೆ. ದಿನವೂ ಕುಡಿಯುತ್ತಿದ್ದವರಿಗೆ ಒಮ್ಮೆಲೇ ನಿಂತರೆ ಒಂದೆರಡು ದಿನದಲ್ಲಿ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್. ಮನೆಯವರ ಮುಂದೆ ಹೇಳಲು ಸಂಕೋಚವಾದರೆ "ಡಾಕ್ಟ್ರೇ, ಒಂದು ನಿಮಿಷ ಒಬ್ಬರೇ ಮಾತಾಡಬೇಕು" ಎನ್ನಿ. ಅರಿವಳಿಕೆ ತಜ್ಞರು ನಿಮ್ಮ ನಡತೆಯ ತನಿಖೆಗೆ ಬಂದವರಲ್ಲ. ಅವರಿಗೆ ಬೇಕಾದದ್ದು ಎಷ್ಟು, ಯಾವಾಗ ಎಂಬ ಲೆಕ್ಕ ಮಾತ್ರ.

ಹೆಂಗಸರು ನಗಬೇಡಿ, ನಿಮ್ಮ ಸರದಿ ಈಗ. ಎಷ್ಟೋ ಮನೆಗಳ ಅಜ್ಜಿಯಂದಿರ ದಿಂಬಿನ ಪಕ್ಕದಲ್ಲಿ ಆಲ್ಪ್ರಜೋಲಮ್ ಎಂಬ ನಿದ್ದೆ ಮಾತ್ರೆಯ ಪಟ್ಟಿ ಇರುತ್ತದೆ. ಯಾವುದೋ ಸಾವಿನ ಸಮಯದಲ್ಲಿ ಡಾಕ್ಟರು ಕೆಲವು ದಿನಕ್ಕೆಂದು ಬರೆದುಕೊಟ್ಟದ್ದು ವರ್ಷಗಟ್ಟಲೆ ನಡೆದುಕೊಂಡು ಬಂದಿರುತ್ತದೆ. "ಏನಾದರೂ ಮಾತ್ರೆ ತಗೋತೀರಾ?" ಎಂದರೆ ಬಿಪಿಯದು, ಶುಗರಿನದು ಹೇಳುತ್ತಾರೆ, ಇದನ್ನು ಬಿಡುತ್ತಾರೆ, ಡೋಸಿನ ಲೆಕ್ಕ ಇಲ್ಲೂ ತಪ್ಪುತ್ತದೆ. "ಅದು ಮಾತ್ರೆ ಅಲ್ಲ ಸಿಸ್ಟರ್, ನಿದ್ದೆಗೆ" ಎಂದವರೂ ಇದ್ದಾರೆ. ಆಲ್ಪ್ರಜೋಲಮ್, ಡಯಾಜೆಪಾಮ್, ಜೋಲ್ಪಿಡೆಮ್ ಎಲ್ಲವೂ ಶೆಡ್ಯೂಲ್ ಎಚ್1, ಅಂದರೆ ಬಿಗಿ ನಿಯಮದ ಮದ್ದುಗಳ ಸರ್ಕಾರಿ ಪಟ್ಟಿಯಲ್ಲಿವೆ. ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಅವನ್ನು ಕೊಡುವಂತಿಲ್ಲ, 2014ರಿಂದ ಕೊಂಡವರ ವಿವರವನ್ನೂ ರಿಜಿಸ್ಟರಿನಲ್ಲಿ ಬರೆದಿಡಬೇಕು. ಸರ್ಕಾರ ಸುಮ್ಮನೆ ಆ ಕೆಂಪು ಚೌಕದ ಎಚ್ಚರಿಕೆ ಹಾಕಿಸಿಲ್ಲ. ಜೋರು ಗೊರಕೆಯನ್ನೂ ಹೇಳಬೇಕು. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿ ಥಟ್ಟನೆ ಎದ್ದೇಳುವವರಿಗೆ ಮಂಪರಿನಲ್ಲಿ ಗಂಟಲು ಇನ್ನೂ ಬೇಗ ಮುಚ್ಚಿಕೊಳ್ಳುತ್ತದೆ. ಈ ವಿಷಯ ಗೊರಕೆ ಹೊಡೆಯುವ ಗಂಡಂದಿರಿಗೆ ಗೊತ್ತಿರುವುದಿಲ್ಲ, ಪಕ್ಕದಲ್ಲಿ ಮಲಗುವವರಿಗೆ ಗೊತ್ತಿರುತ್ತದೆ.

ಇನ್ನು ಖಾಲಿ ಹೊಟ್ಟೆಯ ವಿಷಯ. ನನಗೆ ಅತ್ಯಂತ ಸಿಟ್ಟು ಬರಿಸುವುದು ಇದೇ. ನಮ್ಮ ಪಕ್ಕದ ತೋಟದ ಹಿರಿಯರೊಬ್ಬರನ್ನು ಮೈಸೂರಿನ ಒಂದು ಆಸ್ಪತ್ರೆಗೆ ಎಂಡೋಸ್ಕೋಪಿಗೆ ಬರಹೇಳಿದ್ದರು. "ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದದ್ದು ಬಿಟ್ಟರೆ ಬೇರೇನೂ ಹೇಳಿರಲಿಲ್ಲ. ಅವರು ಬೆಳಗಾಗುವ ಮುಂಚೆ ಎದ್ದು, ತಿಂಡಿ ಬಿಟ್ಟು, ಪಿರಿಯಾಪಟ್ಟಣದಲ್ಲಿ ಕಾರು ನಿಲ್ಲಿಸಿ ಒಂದು ಲೋಟ ಹಾಲಿನ ಕಾಫಿ ಕುಡಿದರು. ಕೊಡಗಿನವರಿಗೆ ಕಾಫಿ ಊಟದ ಲೆಕ್ಕಕ್ಕೆ ಬರುವುದಿಲ್ಲವಲ್ಲ! ಆಸ್ಪತ್ರೆಯಲ್ಲಿ ಕೈಗೆ ಸೂಜಿ ಹಾಕಿದ ಮೇಲೆ ಕೇಳಿದರು, ಇವರು ಹೇಳಿದರು, ಪರೀಕ್ಷೆ ಮುಂದಕ್ಕೆ ಹೋಯಿತು. ನಿಲ್ಲಿಸಿದ್ದು ಸರಿ. ಮಂಪರಿನಲ್ಲಿ ಹೊಟ್ಟೆಯದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು, ಸಾವೂ ಆಗಬಹುದು. ಆದರೆ ಸೂಜಿ ಹಾಕಿದ ಮೇಲೆ ಕೇಳುವ ಪ್ರಶ್ನೆಯೇ ಅದು? ದಿನ ಗೊತ್ತು ಮಾಡಿದಾಗ ಹೇಳಬೇಕಾದದ್ದಲ್ಲವೇ?

ಸಾಮಾನ್ಯ ಲೆಕ್ಕ ಹೀಗಿದೆ. ನೀರು, ಹಾಲಿಲ್ಲದ ಕಾಫಿ 2 ಗಂಟೆ ಮೊದಲಿನವರೆಗೆ ಆಗಬಹುದು, ನಮ್ಮ ಬೆಲ್ಲದ ಕಪ್ಪು ಕಾಫಿ ಕೂಡ. ಹಾಲು ಬಿದ್ದರೆ 6 ಗಂಟೆ, ಇಡ್ಲಿಯಂಥ ಹಗುರ ತಿಂಡಿಗೂ 6. ಹಿಂದಿನ ರಾತ್ರಿ ಕಡುಂಬಿಟ್ಟು ಪಂದಿಕರಿಯಂಥ ಜಿಡ್ಡಿನ ಊಟ ಆಗಿದ್ದರೆ ಕಡೇ ಪಕ್ಷ 8. ಮೊಲೆಹಾಲು ಕುಡಿಯುವ ಕೂಸಿಗೆ 4. ಹಳೆಯ ಶುಗರ್ ಇರುವವರ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಅವರು ಡಾಕ್ಟರನ್ನು ಬೇರೆಯಾಗಿಯೇ ಕೇಳಬೇಕು, ಆ ಬೆಳಗಿನ ಶುಗರ್ ಮಾತ್ರೆಯ ಬಗ್ಗೆಯೂ. ಆಸ್ಪತ್ರೆಯವರು ಇದಕ್ಕಿಂತ ಹೆಚ್ಚು ಹೊತ್ತು ಹೇಳಿದರೆ ಅವರ ಮಾತೇ ಕೊನೆ.

ಮುಗಿಸಿಕೊಂಡು ಹೊರಬಂದ ಮೇಲೆ ಇನ್ನೊಂದು ಅವಾಂತರ. ಮಿಡಜೋಲಮ್ ನೆನಪನ್ನು ಅಳಿಸುತ್ತದೆ. ಪರೀಕ್ಷೆಯ ಉದ್ದಕ್ಕೂ "ಎಡಕ್ಕೆ ತಿರುಗಿ" ಎಂದರೆ ತಿರುಗಿದವರು, ಡಾಕ್ಟರ ಜೊತೆ ಕಾಫಿಯ ರೇಟು ಮಾತಾಡಿದವರು, ಆಮೇಲೆ ಎದ್ದು "ಇನ್ನೂ ಶುರು ಮಾಡಿಲ್ವಾ?" ಎಂದು ಕೇಳುತ್ತಾರೆ. ದುಡ್ಡು ತೆಗೆದುಕೊಂಡು ಏನೂ ಮಾಡದೆ ಕಳಿಸಿದರು ಎಂದು ಜಗಳಕ್ಕೆ ನಿಂತವರನ್ನೂ ನೋಡಿದ್ದೇನೆ. ತಮಾಷೆ ಹಾಗಿರಲಿ, ಆ ಹೊತ್ತಿನಲ್ಲಿ ಡಾಕ್ಟರು ಹೇಳಿದ ಫಲಿತಾಂಶ, ಬರೆದ ಮದ್ದು ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ. ಜೊತೆಗೆ ಬಂದವರ ಮುಂದೆಯೇ ಹೇಳಿಸಿಕೊಳ್ಳಬೇಕು.

ಮೈಗೆ ಹುಷಾರೆನಿಸಿದರೂ ಮೆದುಳು ಪೂರ್ತಿ ತಿಳಿಯಾಗಿರುವುದಿಲ್ಲ. ಅದಕ್ಕೇ 24 ಗಂಟೆ ಗಾಡಿ ಓಡಿಸಬೇಡಿ, ದಾಖಲೆಗೆ ಸಹಿ ಹಾಕಬೇಡಿ ಎನ್ನುವುದು. ನಮ್ಮವರದು ಇದಕ್ಕೆ ಸರಿಯಾಗಿ ಉಲ್ಟಾ. ಮೈಸೂರಿಗೆ ಹೋದದ್ದೇ ಆಯಿತಲ್ಲ ಎಂದು ಅದೇ ಮಧ್ಯಾಹ್ನ ಬ್ಯಾಂಕಿನ ಸಾಲದ ಕಾಗದ, ವಕೀಲರ ಮನೆ, ಪಂಪಿನ ಬಿಡಿಭಾಗ, ಎಲ್ಲ ಮುಗಿಸಿಕೊಂಡು ಸಂಜೆ ತಾವೇ ಸ್ಟಿಯರಿಂಗ್ ಹಿಡಿದು ಹೊರಡುತ್ತಾರೆ. ಕುಶಾಲನಗರ ದಾಟಿ ಆನೆಕಾಡು ಬರುವ ಹೊತ್ತಿಗೆ ಕತ್ತಲು, ಮಳೆಗಾಲವಾದರೆ ಮಂಜು. ಅಲ್ಲಿ ರಸ್ತೆಗೆ ಆನೆ ಬಂದು ನಿಂತರೆ ಬ್ರೇಕ್ ತುಳಿಯಲು ಬೇಕಾದ ಚುರುಕು ಆ ದಿನ ನಿಮ್ಮ ಕಾಲಿಗೆ ಇರುವುದಿಲ್ಲ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಸ್ಕ್ಯಾನಿಗೆ, ಹೃದಯದ ಎಕೋಗೆ ಮಗು ಅಲುಗಾಡಬಾರದೆಂದು ನಿದ್ದೆ ಬರಿಸುವ ಟ್ರೈಕ್ಲೋಫಾಸ್ ಸಿರಪ್ ಕುಡಿಸುತ್ತಾರೆ. ಕೆಲಸ ಬೇಗ ಮುಗಿದು ಮಗು ಇನ್ನೂ ನಿದ್ದೆಯಲ್ಲಿದ್ದಾಗಲೇ "ಹೊರಡಿ" ಎಂದರೆ ಹೊರಡಬೇಡಿ. ಕಾರಿನ ಸೀಟಿನಲ್ಲಿ ಕೂತಂತೆ ಮಲಗಿದ ಮಗುವಿನ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ಒತ್ತಿದರೆ ಗಂಟಲು ಮುಚ್ಚುತ್ತದೆ, ಸದ್ದೇ ಆಗುವುದಿಲ್ಲ. ಮಗು ಚೆನ್ನಾಗಿ ಎಚ್ಚರವಾಗಿ, ಕರೆದರೆ ನೋಡಿ, ಒಂದಿಷ್ಟು ನೀರು ಕುಡಿಯುವವರೆಗೆ ವಾರ್ಡಿನಲ್ಲೇ ಕೂತಿರಿ. ಹೊರಟ ಮೇಲೂ ಒಬ್ಬರು ಹಿಂದಿನ ಸೀಟಿನಲ್ಲಿ ಮಗುವಿನ ಮುಖ ನೋಡುತ್ತಾ ಕೂರಬೇಕು, ಫೋನನ್ನಲ್ಲ.

ಜೊತೆಗೊಬ್ಬರನ್ನು ಕರೆತನ್ನಿ ಎಂದು ಹೇಳುವುದು ನಮಗೆ ಸುಲಭ. ತೋಟದ ಲೈನ್ ಮನೆಯಲ್ಲಿರುವ ಕೂಲಿಯವರಿಗೆ ಅದರ ಅರ್ಥ ಎರಡು ಜನರ ದಿನಗೂಲಿ ಹೋಯಿತು ಎಂದು. ಅದಕ್ಕೇ ಅವರು ಒಬ್ಬರೇ ಬರುತ್ತಾರೆ, ಹೊರಗೆ ಯಾರೋ ಕೂತಿದ್ದಾರೆ ಎಂದು ಸುಳ್ಳು ಹೇಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ತೂರಾಡುತ್ತಾ ಬಸ್ ಸ್ಟ್ಯಾಂಡಿಗೆ ನಡೆಯುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಎರಡು ದಾರಿ ಇವೆ. ಮೇಲಿನ ಎಂಡೋಸ್ಕೋಪಿಯನ್ನು ಎಷ್ಟೋ ಜನರಿಗೆ ಗಂಟಲಿಗೆ ಲಿಗ್ನೋಕೇನ್ ಸ್ಪ್ರೇ ಹೊಡೆದಷ್ಟಕ್ಕೇ ಮಾಡಬಹುದು, ಮಂಪರೇ ಬೇಡ. ಕೆಲವು ನಿಮಿಷ ವಾಕರಿಕೆ ತಡೆದುಕೊಳ್ಳಬೇಕು, ಗಂಟಲಿನ ಜೋಮು ಇಳಿಯುವವರೆಗೆ ಏನೂ ಬಾಯಿಗೆ ಹಾಕಬಾರದು, ಬಿಸಿ ಕಾಫಿಯಂತೂ ಬೇಡವೇ ಬೇಡ, ಆಮೇಲೆ ತಮ್ಮ ಪಾಡಿಗೆ ತಾವು ಹೋಗಬಹುದು. ಇದೂ ಇದೆ ಎಂದು ರೋಗಿಗೆ ಹೇಳುವವರು ಕಡಿಮೆ. ಇನ್ನೊಂದು, ಒಬ್ಬರೇ ಬಂದವರನ್ನು ಬೆಳಗಿನ ಮೊದಲ ಸರದಿಗೆ ಹಾಕಿ ಸಂಜೆಯ ತನಕ ಒಂದು ಹಾಸಿಗೆ ಕೊಡುವುದು. ಒಂದು ಹಾಸಿಗೆ, ಒಂದು ಹೊದಿಕೆ. ಇದಕ್ಕೆ ಬಜೆಟ್ ಭಾಷಣ ಬೇಕಿಲ್ಲ.

ಐಸಿಯು ಬಗ್ಗೆ ಎರಡು ಮಾತು. ವೆಂಟಿಲೇಟರಿನಲ್ಲಿ ಇರುವವರಿಗೆ ಪೈಪಿನ ಹಿಂಸೆ ಗೊತ್ತಾಗದಿರಲೆಂದು ಮಂಪರಿನಲ್ಲಿಟ್ಟಿರುತ್ತಾರೆ. ಅದು ಕೋಮಾ ಅಲ್ಲ. ಎಷ್ಟೋ ಕಡೆ ದಿನಕ್ಕೊಮ್ಮೆ ಮದ್ದು ಕಡಿಮೆ ಮಾಡಿ, ಕಣ್ಣು ಬಿಡುತ್ತಾರಾ, ಕೈ ಹಿಸುಕಿ ಎಂದರೆ ಹಿಸುಕುತ್ತಾರಾ ಎಂದು ನೋಡುತ್ತಾರೆ. ಆ ಹೊತ್ತಿನಲ್ಲಿ ರೋಗಿ ಒದ್ದಾಡುವುದನ್ನು ಗಾಜಿನಾಚೆಯಿಂದ ಕಂಡು "ಮದ್ದು ಕೊಡೋದು ಬಿಟ್ಟುಬಿಟ್ಟಿದ್ದಾರೆ" ಎಂದು ಗಲಾಟೆ ಮಾಡಬೇಡಿ. ಒಳಗೆ ಬಿಟ್ಟರೆ ಹೋಗಿ ಅವರ ಹೆಸರು ಹಿಡಿದು ಮಾತಾಡಿಸಿ, ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೆ. ಮನೆಯ ದನಿಗೆ ಓಗೊಡುವವರು ನಮ್ಮ ಯೂನಿಫಾರಂ ದನಿಗೆ ಓಗೊಡದೇ ಇರುವುದುಂಟು.

ನನ್ನ ಕೋರಿಕೆ ದೊಡ್ಡದಲ್ಲ. ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆ, ಖಾಸಗಿಯವರು, ನಮ್ಮವರನ್ನು ಕರೆಸಿಕೊಳ್ಳುವ ಮೈಸೂರು, ಮಂಗಳೂರಿನ ಆಸ್ಪತ್ರೆಗಳು, ಎಲ್ಲರಿಗೂ ಒಂದೇ ಮಾತು: ಸೆಡೇಷನ್ ಬೇಕಾದ ಪರೀಕ್ಷೆಗೆ ದಿನಾಂಕ ಕೊಟ್ಟ ದಿನವೇ ಒಂದು ಪುಟದ ಕನ್ನಡ ಹಾಳೆಯನ್ನು ಕೈಗೆ ಕೊಡಿ. ಊಟ ನೀರಿನ ಗಂಟೆಗಳು, ಹೇಳಲೇಬೇಕಾದ ಮಾತ್ರೆ ಮತ್ತು ಮದ್ಯ, ಜೊತೆಗೆ ಬರುವವರು, ಮಾರನೆಯ ದಿನದವರೆಗಿನ ನಿಷೇಧ, ಇಷ್ಟಿದ್ದರೆ ಸಾಕು. ಒಪ್ಪಿಗೆ ಪತ್ರವನ್ನು ಗೌನು ಹಾಕಿ ಮಲಗಿಸಿದ ಮೇಲೆ ಇಂಗ್ಲಿಷಿನಲ್ಲಿ ಮುಂದೆ ಹಿಡಿದು "ಇಲ್ಲಿ ಸೈನ್ ಮಾಡಿ" ಎನ್ನುವ ಪದ್ಧತಿಯೂ ನಿಲ್ಲಲಿ. ಓದಲು ಬಾರದವರಿಗೆ, ಅಸ್ಸಾಮಿನಿಂದ, ತಮಿಳುನಾಡಿನಿಂದ ತೋಟದ ಕೆಲಸಕ್ಕೆ ಬಂದವರಿಗೆ ಅವರ ಮಾತು ಬಲ್ಲವರೊಬ್ಬರು ಆ ಹಾಳೆಯನ್ನು ಓದಿ ಹೇಳಲಿ. ಮೇಸ್ತ್ರಿಯಾದರೂ ಆದೀತು, ಆದರೆ ಕುಡಿತದ ಪ್ರಶ್ನೆ ಕೇಳುವಾಗ ಆತ ಹೊರಗೆ ನಿಲ್ಲಬೇಕು.

ಹಾಳೆ ಬರೆಯಲು ಪುರುಸೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನೇ ಬರೆದುಕೊಡುತ್ತೇನೆ, ಅವರ ಅರಿವಳಿಕೆ ತಜ್ಞರು ತಿದ್ದಿಕೊಳ್ಳಲಿ. ಕಾಫಿ ಕುಯ್ಲು ಶುರುವಾಗುವ ಮೊದಲು ಹೇಳಿದರೆ ಉಪಕಾರ, ಆಮೇಲೆ ಕಣ ಬಿಟ್ಟು ಕದಲಲು ನನಗೆ ಆಗುವುದಿಲ್ಲ.

ಇಂತಿ,
ನಿವೃತ್ತ ಥಿಯೇಟರ್ ನರ್ಸ್,
ಸುಂಟಿಕೊಪ್ಪ, ಕೊಡಗು